ದಫ್ತರದ ಭಾಷೆ, ಹೊಲದ ಭಾಷೆ

ರಾಯಚೂರು ಜಿಲ್ಲೆಯ ಪಾಮನಕಲ್ಲೂರಿನ ಕಡೆ ಜಮೀನಿನ ವ್ಯಾಜ್ಯ ನಡೆದರೆ ಕಿವಿಗೆ ಬೀಳುವ ಮಾತುಗಳನ್ನು ಗಮನಿಸಿ: ಅರ್ಜಿ, ತಕರಾರು, ವಕೀಲ, ಜಾಮೀನು, ಜಪ್ತಿ, ತಹಸೀಲ್ದಾರ. ಇವೆಲ್ಲ ಅರಬ್ಬಿ-ಫಾರ್ಸಿಯಿಂದ ಬಂದವು. ಪಹಣಿ ಮಾತ್ರ ಮರಾಠಿಯದು. ಆಡುವವರು ಹಿಂದೂಗಳೋ ಮುಸ್ಲಿಮರೋ ಎಂಬುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಆಳಿದವರು ಹೋದರು, ದಫ್ತರದ ಮಾತು ಉಳಿಯಿತು.

ಈ ಸೀಮೆಗೆ ಪರಭಾಷೆಯ ಆಡಳಿತ ಹೊಸದೇನಲ್ಲ. ಇಲ್ಲಿಗೆ ಸಮೀಪದ ಮಸ್ಕಿಯ ಬಂಡೆಯ ಮೇಲೆ ಅಶೋಕ ಕೊರೆಸಿದ ಶಾಸನ ಪ್ರಾಕೃತದಲ್ಲಿದೆ, ಲಿಪಿ ಬ್ರಾಹ್ಮಿ. 1915ರಲ್ಲಿ ಬೆಳಕಿಗೆ ಬಂದ ಆ ಶಾಸನದಲ್ಲಿ ಅಶೋಕನ ಹೆಸರೇ ಇದ್ದುದರಿಂದ ಅದು ಜಗತ್ಪ್ರಸಿದ್ಧವಾಯಿತು. ಊರಿನವರಲ್ಲಿ ಎಷ್ಟು ಮಂದಿ ಅದನ್ನು ಓದಬಲ್ಲವರಾಗಿದ್ದರೆಂದು ಮಾತ್ರ ಯಾರೂ ಕೇಳಲಿಲ್ಲ.

ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ ಮೊದಲಿದ್ದುದು ಫಾರ್ಸಿ. 1884ರಲ್ಲಿ ಅದರ ಜಾಗಕ್ಕೆ ಉರ್ದು ಬಂತು. 1901ರ ಜನಗಣತಿಯಂತೆ ಸಂಸ್ಥಾನದಲ್ಲಿ ನೂರಕ್ಕೆ ಸುಮಾರು 46 ಜನ ತೆಲುಗು, 26 ಜನ ಮರಾಠಿ, 14 ಜನ ಕನ್ನಡ ಮಾತನಾಡುತ್ತಿದ್ದರು. ಉರ್ದು ಮಾತನಾಡುವವರು ಸುಮಾರು 10. ಆ ಹತ್ತು ಜನರ ಭಾಷೆಯಲ್ಲಿ ಉಳಿದ ತೊಂಬತ್ತು ಜನರ ಹೊಲದ ಕಾಗದ ಬರೆಯಲಾಗುತ್ತಿತ್ತು ಎಂದು ಹೇಳಿಬಿಡುವುದು ಸುಲಭ. ಆದರೆ ಆ ಹತ್ತು ಜನರಲ್ಲೂ ಹಳ್ಳಿಯ ಪಿಂಜಾರ, ಕಸಾಯಿ, ಕೂಲಿಕಾರನ ಮನೆಮಾತು ದಖನಿ. ಅದು ಗುಲ್ಬರ್ಗ, ಬಿಜಾಪುರಗಳ ಮಣ್ಣಿನಲ್ಲಿ ಬೆಳೆದದ್ದು. ಕಚೇರಿಯ ಉರ್ದುವಾದರೋ ಫಾರ್ಸಿ ಪದಗಳಿಂದ ತುಂಬಿ ಭಾರವಾಗಿತ್ತು. ಅಕ್ಷರ ಬಾರದ ಮುಸ್ಲಿಂ ರೈತನೂ ಪಕ್ಕದ ಹೊಲದ ಲಿಂಗಾಯತ ರೈತನಂತೆಯೇ ಕಾಗದ ಹಿಡಿದು ಓದಬಲ್ಲವರನ್ನು ಹುಡುಕಬೇಕಾಗಿತ್ತು. ಉರ್ದುವನ್ನು ಒಂದು ಕೋಮಿನ ಆಳ್ವಿಕೆಯ ಗುರುತಾಗಿ ನೋಡುವವರು ಈ ಮಾತನ್ನು ಮರೆಯುತ್ತಾರೆ.

1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬಗ್ಗೆಯೂ ನಮ್ಮ ಅಭಿಪ್ರಾಯ ಒಂದೇ ಬಣ್ಣದ್ದಾಗಿರಬಾರದು. ಭಾರತೀಯ ಭಾಷೆಯಲ್ಲಿ ವೈದ್ಯವಿಜ್ಞಾನವನ್ನೂ ಕಲಿಸಬಹುದೆಂದು ಅದು ತೋರಿಸಿಕೊಟ್ಟಿತು. ಅದು ದೊಡ್ಡ ಸಾಧನೆಯೇ ಸರಿ. ಆದರೆ ರಾಯಚೂರಿನ ಕನ್ನಡದ ಹುಡುಗನಿಗೆ ಆ ಬಾಗಿಲು ತೆರೆಯಬೇಕಾದರೆ ಮೊದಲು ಇನ್ನೊಂದು ಭಾಷೆಯ ಹೊಸ್ತಿಲು ದಾಟಬೇಕಿತ್ತು.

ದಕ್ಷಿಣ ಅಮೆರಿಕದ ಕಡೆ ನೋಡಿದರೆ ಇದೇ ಪ್ರಶ್ನೆ ಇನ್ನಷ್ಟು ದೊಡ್ಡದಾಗಿ ಕಾಣುತ್ತದೆ. ಅಲ್ಲಿನ ಒಂಬತ್ತು ದೇಶಗಳಲ್ಲಿ ಸ್ಪ್ಯಾನಿಷ್ ಆಡಳಿತ ಭಾಷೆ. ಬ್ರೆಜಿಲ್‌ನಲ್ಲಿ ಪೋರ್ಚುಗೀಸ್, ಸುರಿನಾಮ್‌ನಲ್ಲಿ ಡಚ್, ಗಯಾನಾದಲ್ಲಿ ಇಂಗ್ಲಿಷ್. 1770ರಲ್ಲಿ ಸ್ಪೇನಿನ ದೊರೆ ಮೂರನೆಯ ಕಾರ್ಲೋಸ್ ತನ್ನ ಅಮೆರಿಕದ ಸೀಮೆಗಳಲ್ಲಿ ಸ್ಥಳೀಯ ಭಾಷೆಗಳು ಅಳಿದು ಸ್ಪ್ಯಾನಿಷ್ ಮಾತ್ರ ಉಳಿಯಬೇಕೆಂದು ಆಜ್ಞೆ ಹೊರಡಿಸಿದ. ಹತ್ತು ವರ್ಷದ ನಂತರ ಪೆರುವಿನಲ್ಲಿ ತುಪಾಕ್ ಅಮಾರು ದಂಗೆಯೆದ್ದ. ಆ ದಂಗೆಯನ್ನು ಅಡಗಿಸಿದ ಮೇಲೆ ಕೆಚುವಾ ಭಾಷೆಯ ಮೇಲೂ ಕತ್ತಿ ಬಿತ್ತು. ವಿಚಿತ್ರವೆಂದರೆ, ಸ್ಪೇನ್ ತೊಲಗಿ ಗಣರಾಜ್ಯಗಳು ಹುಟ್ಟಿದ ಮೇಲೆ ಸ್ಪ್ಯಾನಿಷ್ ಇನ್ನಷ್ಟು ಬಲವಾಗಿ ಬೇರೂರಿತು. ಸ್ವಾತಂತ್ರ್ಯ ತಂದವರ ಮನೆಮಾತೇ ಅದಾಗಿತ್ತು. ಶಾಲೆ, ಸೈನ್ಯ, ನ್ಯಾಯಾಲಯ ಎಲ್ಲವೂ ಅದರಲ್ಲೇ ನಡೆದವು. ಪೆರು 1975ರಲ್ಲಿ ಕೆಚುವಾವನ್ನು, ಪರಾಗ್ವೆ 1992ರ ಸಂವಿಧಾನದಲ್ಲಿ ಗ್ವಾರಾನಿಯನ್ನು ಅಧಿಕೃತ ಭಾಷೆಯೆಂದು ಒಪ್ಪಿದವು. ಬೊಲಿವಿಯಾ 2009ರಲ್ಲಿ ಸ್ಪ್ಯಾನಿಷ್ ಜೊತೆಗೆ 36 ಮೂಲನಿವಾಸಿ ಭಾಷೆಗಳನ್ನು ಅಂಗೀಕರಿಸಿತು.

ಇಲ್ಲಿ ಒಂದು ಸ್ವಾರಸ್ಯವಿದೆ. ಸ್ಪ್ಯಾನಿಷ್‌ನಲ್ಲಿ ಊರಿನ ಮೇಯರ್‌ಗೆ 'ಅಲ್ಕಾಲ್ದೆ' ಎನ್ನುತ್ತಾರೆ. ಅದು ಅರಬ್ಬಿಯ 'ಅಲ್-ಖಾಜಿ'. ಸುಂಕದ ಕಟ್ಟೆಗೆ 'ಅದುವಾನಾ', ಅಂದರೆ 'ಅದ್-ದೀವಾನ್'. ಸ್ಪೇನಿನಲ್ಲಿ ಶತಮಾನಗಳ ಮುಸ್ಲಿಂ ಆಳ್ವಿಕೆ ಬಿಟ್ಟುಹೋದ ಪದಗಳು ಸಾಗರ ದಾಟಿ ಪೆರುವಿನ ಬೆಟ್ಟಗಳನ್ನು ಸೇರಿದವು. ಅವೇ ಮೂಲದ ಪದಗಳು ಇನ್ನೊಂದು ದಾರಿಯಲ್ಲಿ ಬಂದು ನಮ್ಮಲ್ಲಿ ಖಾಜಿ, ದಿವಾನ ಆದವು.

ನಮ್ಮ ಸೀಮೆಯ ಕಥೆ ತಿರುವು ಪಡೆದದ್ದು ಇಲ್ಲಿಯೇ. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಭಾರತದಲ್ಲಿ ವಿಲೀನವಾಯಿತು. 1956ರ ನವೆಂಬರ್ 1ರಂದು ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿತು. 1963ರಲ್ಲಿ ಕನ್ನಡ ಶಾಸನಬದ್ಧ ಆಡಳಿತ ಭಾಷೆಯಾಯಿತು. ಉರ್ದು ದಫ್ತರದಿಂದ ಇಳಿದು ಮನೆ, ಮದ್ರಸ, ಮುಶಾಯಿರಾಗಳಿಗೆ ಸೀಮಿತವಾಯಿತು. ನಿನ್ನೆಯವರೆಗೆ ಸರಕಾರದ ಭಾಷೆಯಾಗಿದ್ದದ್ದು ಮುಸ್ಲಿಮರ ಭಾಷೆ ಎನಿಸಿಕೊಂಡಿತು. ಕಾಯಸ್ಥರೂ ಬ್ರಾಹ್ಮಣರೂ ಉರ್ದುವಿನಲ್ಲಿ ವಕಾಲತ್ತು ನಡೆಸಿದ್ದ ನೆನಪು ಒಂದೆರಡು ತಲೆಮಾರಿನಲ್ಲೇ ಮಾಸಿತು.

ಆದರೆ ಕಾಗದ ಮಾಸಲಿಲ್ಲ. ಈ ಜಿಲ್ಲೆಗಳ ಹಳೆಯ ಜಮೀನು ದಾಖಲೆ ಉರ್ದುವಿನಲ್ಲಿದೆ, ತಾರೀಖು ಫಸಲಿ ವರ್ಷದಲ್ಲಿದೆ. ಅದಕ್ಕೆ ಸುಮಾರು 590 ಕೂಡಿಸಿದರೆ ಕ್ರಿಸ್ತಶಕ ಸಿಗುತ್ತದೆ. ಹೈದರಾಬಾದಿನ ಭೂಕಂದಾಯ ಕಾಯ್ದೆಯೇ 1317ನೇ ಫಸಲಿಯದು, ಎಂದರೆ 1907ರ ಸುಮಾರಿನದು. ಅಜ್ಜನ ಹೆಸರಿನ ಹೊಲವನ್ನು ಸಾಬೀತು ಮಾಡಬೇಕಾದ ಮೊಮ್ಮಗ, ಅವನು ಬಸವರಾಜನಾಗಲಿ ಖಾಸಿಂಸಾಬನಾಗಲಿ, ಆ ಬರಹ ಓದಬಲ್ಲ ಹಿರಿಯರನ್ನು ಹುಡುಕಿಕೊಂಡು ಹೋಗಬೇಕು. ಓದಿಸಿ, ಕನ್ನಡಕ್ಕೆ ತರ್ಜುಮೆ ಮಾಡಿಸಿ ಕೆಳಗಿನ ನ್ಯಾಯಾಲಯದಲ್ಲಿ ಗೆದ್ದರೂ, ಎದುರುಪಕ್ಷ ಮೇಲ್ಮನವಿಗೆ ಹೋದರೆ ಹೈಕೋರ್ಟಿನ ಕಲಬುರಗಿ ಪೀಠ. ಸಂವಿಧಾನದ 348ನೇ ವಿಧಿಯಂತೆ ಹೈಕೋರ್ಟಿನ ಭಾಷೆ ಇಂಗ್ಲಿಷ್. ತೀರ್ಪಿನ ಪ್ರತಿ ಕೈಗೆ ಬಂದ ದಿನ ಅವನು ಮತ್ತೆ ಓದಬಲ್ಲವರನ್ನು ಹುಡುಕಿಕೊಂಡು ಹೊರಡುತ್ತಾನೆ.