ಕಾವಲುಗಾರರಿಗೂ ಒಬ್ಬ ಕಾವಲುಗಾರ

ನಮ್ಮ ಡೊಂಬಿವಲಿಯ ಮನೆಯಲ್ಲಿ ಬೆಳಗಿನ ಚಹಾ ಮಾಡುವವನು ನಾನೇ. ಸಂಧಿವಾತದಿಂದ ನನ್ನ ಶ್ರೀಮತಿಯ ಬೆರಳುಗಳು ಎದ್ದು ಒಂದು ಗಂಟೆಯಾದರೂ ಮಡಚುವುದಿಲ್ಲ. ಕೊರೋನಾ ಕಾಲದಲ್ಲಿ ನೆರೆಯವರೊಬ್ಬರು "ಇಮ್ಯುನಿಟಿ ಹೆಚ್ಚಬೇಕು, ವಹಿನಿ" ಎಂದು ಕಷಾಯದ ಪುಡಿ ತಂದುಕೊಟ್ಟರು. ಡಾಕ್ಟರು ನಕ್ಕರು: "ಇವರಿಗೆ ಕಮ್ಮಿಯಾಗಿರುವುದು ಇಮ್ಯುನಿಟಿ ಅಲ್ಲ, ಅದರ ಮೇಲಿನ ಹಿಡಿತ."

ಆ ಒಂದು ಮಾತಿನ ಹಿಂದೆ ನೂರು ವರ್ಷಕ್ಕೂ ಮಿಕ್ಕಿದ ಇತಿಹಾಸವಿದೆ. ನಾನು ಬಿ.ಕಾಂ. ಓದಿದವನು, ತಿಳಿದಷ್ಟು ಹೇಳುತ್ತೇನೆ.

1900ರ ಸುಮಾರಿಗೆ ಜರ್ಮನಿಯ ಪಾಲ್ ಎರ್ಲಿಕ್, ದೇಹ ತನ್ನ ಮೇಲೆ ತಾನೇ ಕೈಮಾಡಲು ಹೇಸುತ್ತದೆ ಎಂದರು. ಬಹಳಷ್ಟು ಮಂದಿ ಅದನ್ನೇ ನಂಬಿದರು. 1956ರಲ್ಲಿ ಅಮೆರಿಕದ ರೋಸ್ ಮತ್ತು ವಿಟೆಬ್ಸ್ಕಿ, ಮೊಲದ ರಕ್ಷಣಾಪಡೆ ಅದರದೇ ಥೈರಾಯ್ಡ್ ಗ್ರಂಥಿಯ ಮೇಲೆ ಬೀಳಬಲ್ಲದು ಎಂದು ತೋರಿಸಿದರು. ನಮ್ಮ ಭಸ್ಮಾಸುರನ ಕಥೆಯೇ!

ಹಾಗಾದರೆ ಎಲ್ಲರಿಗೂ ಹೀಗೇಕೆ ಆಗುವುದಿಲ್ಲ? ರಕ್ಷಣಾಪಡೆಯನ್ನು ತಡೆಯುವ ಟಿ ಕೋಶಗಳೂ ರಕ್ತದಲ್ಲಿವೆ ಎಂಬ ವಾದ 1970ರ ದಶಕದಲ್ಲಿ ಎದ್ದು, 80ರ ದಶಕದಲ್ಲಿ ಪುರಾವೆ ಸಾಲದೆ ಬಿದ್ದುಹೋಯಿತು. ಜಪಾನಿನ ಶಿಮೊನ್ ಸಕಾಗುಚಿ ಮಾತ್ರ ಕೈಬಿಡಲಿಲ್ಲ. ಒಂದು ಬಗೆಯ ಟಿ ಕೋಶ ಇಲ್ಲದಿದ್ದರೆ ಇಲಿಗಳಿಗೆ ಇಂಥ ರೋಗ ಬರುತ್ತದೆ, ವಾಪಸು ಕೊಟ್ಟರೆ ತಪ್ಪುತ್ತದೆ ಎಂದು 1995ರಲ್ಲಿ ತೋರಿಸಿದರು. 2001ರಲ್ಲಿ ಮೇರಿ ಬ್ರಂಕೋ, ಫ್ರೆಡ್ ರಾಮ್ಸ್‌ಡೆಲ್ ಫಾಕ್ಸ್‌ಪಿ3 ಎಂಬ ಜೀನ್ ಪತ್ತೆಹಚ್ಚಿದರು. ಈ ತಡೆಯುವ ಕೋಶಗಳು ತಯಾರಾಗಲು ಅದೇ ಬೇಕೆಂದು 2003ರಲ್ಲಿ ತಿಳಿಯಿತು. ಮೂವರಿಗೂ 2025ರ ನೊಬೆಲ್ ಬಂತು. ಬ್ಯಾಂಕಿನ ಲೆಕ್ಕದಲ್ಲಿ ಹೇಳುವುದಾದರೆ, ಚೆಕ್ ಪಾಸ್ ಮಾಡುವವರಷ್ಟೇ ಇದ್ದರೆ ಸಾಲದು, ತಡೆಹಿಡಿಯುವ ಅಧಿಕಾರಿಯೂ ಬೇಕು.

ಈಗ ನಮ್ಮ ಕಡೆಯ ಸಂಗತಿ. ನವಿ ಮುಂಬಯಿಯ ಖಾರ್ಘರ್‌ನಲ್ಲಿ ಟಾಟಾ ಮೆಮೋರಿಯಲ್‌ನ ಆಕ್ಟ್ರೆಕ್ ಇದೆಯಲ್ಲ, 2021ರ ಜೂನ್‌ನಲ್ಲಿ ಅಲ್ಲಿ ಐಐಟಿ ಮುಂಬಯಿ ರೂಪಿಸಿದ ಕಾರ್-ಟಿ ಚಿಕಿತ್ಸೆ ಶುರುವಾಯಿತು. ರೋಗಿಯದೇ ಟಿ ಕೋಶಗಳನ್ನು ತೆಗೆದು, ಪಳಗಿಸಿ, ಕ್ಯಾನ್ಸರ್ ತಗುಲಿದ ಬಿ ಕೋಶಗಳ ಮೇಲೆ ಬಿಡುವುದು ಅದರ ಕ್ರಮ. 2023ರಲ್ಲಿ ಸರಕಾರದ ಒಪ್ಪಿಗೆಯೂ ಸಿಕ್ಕಿತು. ಲೂಪಸ್‌ನಲ್ಲಿ ದಾರಿ ತಪ್ಪುವುದೂ ಬಿ ಕೋಶಗಳೇ. ಜರ್ಮನಿಯ ಎರ್ಲಾಂಗನ್‌ನ ವೈದ್ಯರು ಇದೇ ಬಗೆಯ ಚಿಕಿತ್ಸೆಯಿಂದ ಲೂಪಸ್ ಪೀಡಿತ ತರುಣಿಯೊಬ್ಬಳು ಚೇತರಿಸಿಕೊಂಡದ್ದನ್ನು 2021ರಲ್ಲೇ ವರದಿ ಮಾಡಿದರು.

ಸಂಧಿವಾತಕ್ಕೆ ಅದಿನ್ನೂ ನಿತ್ಯದ ಮದ್ದಲ್ಲ. ನಮ್ಮ ಮನೆಯಲ್ಲಿ ವಾರಕ್ಕೊಮ್ಮೆಯ ಗುಳಿಗೆಯೇ ಗತಿ. ನಿಮ್ಮಲ್ಲೂ ಇಂಥವರಿದ್ದರೆ, ಡಾಕ್ಟರನ್ನು ಕೇಳದೆ ಇಮ್ಯುನಿಟಿ ಪುಡಿ ಕೊಡಬೇಡಿ.

ಮೊನ್ನೆ ಭಾನುವಾರ ಅವಳೇ ಚಹಾ ಮಾಡಿ ತಂದಳು. ಸಕ್ಕರೆ ಹೆಚ್ಚಾಗಿತ್ತು. ನಾನು ಹೇಳಲಿಲ್ಲ.