ಅರ್ಜಿಯಲ್ಲಿ ಬರೆಯದ ಅರ್ಹತೆ

ಹೋದ ತಿಂಗಳು ನ್ಯಾಮತಿಗೆ, ಸೋದರತ್ತೆ ಮನೆಗೆ ಹೋಗಿದ್ದೆ. ಅವರ ಮೊಮ್ಮಗಳು ಮೊಬೈಲ್ ಹಿಡ್ಕೊಂಡು ಬಂದಳು. "ಮಾಮ, ಎಂ.ಬಿ.ಎ. ಸೇರೋಕೆ ಏನೇನು ಬೇಕು?"

ಯಾವುದಾದರೂ ಡಿಗ್ರಿ, ಸಾಮಾನ್ಯ ವರ್ಗಕ್ಕೆ ಶೇ. 50 ಅಂಕ, ಪರಿಶಿಷ್ಟ ಜಾತಿ, ಪಂಗಡ ಮತ್ತು ಪ್ರವರ್ಗ-1ಕ್ಕೆ ಶೇ. 45, ಆಮೇಲೆ ಪಿಜಿಸಿಇಟಿ ಅಂದೆ. ಎಂ.ಎ., ಎಂ.ಎಸ್ಸಿ. ಆದ್ರೆ ಸಾಮಾನ್ಯವಾಗಿ ಆ ವಿಷಯವನ್ನ ಡಿಗ್ರಿಯಲ್ಲೇ ಓದಿರಬೇಕು.

ಜಗಲಿ ಮೇಲೆ ಅವರೆಕಾಯಿ ಸುಲೀತಿದ್ದ ಅತ್ತೆ ತಲೆ ಎತ್ತದೇ ಕೇಳಿದ್ರು: "ಮನೆಯಿಂದ ಎಷ್ಟು ದೂರ ಅಂತ ಕೇಳಲ್ವೇನೋ ಅದ್ರಲ್ಲಿ?"

ಅತ್ತೆ 1976ರಲ್ಲಿ ಶಿವಮೊಗ್ಗದಲ್ಲಿ ಬಿ.ಎ. ಪಾಸಾದವರು. ಎಂ.ಎ.ಗೆ ಬೇಕಾದ ಅಂಕ ಇತ್ತು. ಆದ್ರೆ ತಾತನ ಲೆಕ್ಕದಲ್ಲಿ ಎಂ.ಎ. ಅಂದ್ರೆ ಮೈಸೂರು, ಮೈಸೂರು ಅಂದ್ರೆ ಹಾಸ್ಟೆಲ್, ಹಾಸ್ಟೆಲ್ ಅಂದ್ರೆ ಬೇಡ. ಅಲ್ಲಿಗೆ ಮುಗೀತು.

ಈ ಭಾಗದ ಉನ್ನತ ಶಿಕ್ಷಣದ ಚರಿತ್ರೆಯನ್ನ ಅಂಕಪಟ್ಟಿಗಿಂತ ಬಸ್ ಟಿಕೆಟ್‌ನಲ್ಲಿ ಓದಬೇಕು ಅಂತ ನಂಗೆ ಅನ್ನಿಸಿದ್ದು ಆಗಲೇ. ಚನ್ನಗಿರಿ, ಹೊನ್ನಾಳಿ, ಜಗಳೂರು ಮೂರೂ ಹಳೇ ಮೈಸೂರು ಸಂಸ್ಥಾನಕ್ಕೆ ಸೇರಿದ್ದವು. ನ್ಯಾಮತಿ ಆಗ ಹೊನ್ನಾಳಿಯ ಭಾಗ. 1916ಕ್ಕೆ ಮೊದಲು ಸಂಸ್ಥಾನದ ಕಾಲೇಜುಗಳೇ ಮದರಾಸು ವಿಶ್ವವಿದ್ಯಾನಿಲಯದ ಅಧೀನದಲ್ಲಿದ್ದವು. ನಾಲ್ವಡಿ ಕೃಷ್ಣರಾಜ ಒಡೆಯರ್, ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಬಂದಾಗ ಡಿಗ್ರಿ ಕೊಡೋ ಜಾಗ ಮದರಾಸಿನಿಂದ ಮೈಸೂರಿಗೆ ಬಂತು. 1960ರಲ್ಲಿ ಕುವೆಂಪು ಕುಲಪತಿಗಳಾಗಿದ್ದಾಗ ಸ್ನಾತಕೋತ್ತರ ಓದಿಗೆ ಅಂತಲೇ ಮಾನಸಗಂಗೋತ್ರಿ ಶುರುವಾಯ್ತು. ಜಗಳೂರಿನ ಹುಡುಗಿಗೆ ಅದೂ ದೂರವೇ.

1979ರಲ್ಲಿ ಮೈಸೂರು ವಿ.ವಿ. ದಾವಣಗೆರೆಯಲ್ಲಿ ಸ್ನಾತಕೋತ್ತರ ಕೇಂದ್ರ ತೆರೀತು. "ನಿಮ್ಮ ಸಬ್ಜೆಕ್ಟ್ ಅಲ್ಲಿ ಇತ್ತಾ ಅತ್ತೆ?" ಅಂದೆ. "ವಿಚಾರಿಸಲೇ ಇಲ್ಲ ಕಣೋ, ಮಡಿಲಲ್ಲಿ ಕೂಸಿತ್ತು" ಅಂದ್ರು.

1987ರಲ್ಲಿ ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾನಿಲಯ ಬಂತು, ಚನ್ನಗಿರಿಯವರಿಗೆ ಹತ್ತಿರವಾಯ್ತು. ದಾವಣಗೆರೆ ಕೇಂದ್ರವೂ ಅದಕ್ಕೇ ಸೇರ್ತು. 1997ರಲ್ಲಿ ದಾವಣಗೆರೆ ಜಿಲ್ಲೆ ಹುಟ್ಟಿದಾಗ ಶಿವಮೊಗ್ಗದಿಂದ ಚನ್ನಗಿರಿ, ಹೊನ್ನಾಳಿ, ಚಿತ್ರದುರ್ಗದಿಂದ ಜಗಳೂರು ಬಂದು ಒಂದೇ ಜಿಲ್ಲೆಯಾದವು. 2009ರಲ್ಲಿ ತೋಳಹುಣಸೆಯ ಆ ಕೇಂದ್ರವೇ ದಾವಣಗೆರೆ ವಿಶ್ವವಿದ್ಯಾನಿಲಯ ಆಯ್ತು. ಬೆಳಗ್ಗೆ ಬಸ್ ಹತ್ತಿ ಸಂಜೆ ಮನೆ ಸೇರೋ ದೂರ.

ನಾವು ಬೆಂಗಳೂರಲ್ಲಿ ಕೂತು ಊರೂರಿಗೊಂದು ಯೂನಿವರ್ಸಿಟಿ ಯಾಕೆ ಅಂತ ನಗ್ತೀವಿ. ಬೋಧಕರ ಕೊರತೆ, ಗುಣಮಟ್ಟದ ಪ್ರಶ್ನೆ ಕೇಳಲೇಬೇಕು, ಅದು ನಿಜ. ಆದ್ರೆ ಅತ್ತೆಗೆ ಅಂಕ ಕಮ್ಮಿ ಬಿದ್ದಿರಲಿಲ್ಲ. ಮುನ್ನೂರು ಕಿಲೋಮೀಟರ್ ಜಾಸ್ತಿ ಬಿದ್ದಿತ್ತು.

ಹೊರಡುವಾಗ ಹುಡುಗಿ ಇನ್ನೂ ಪಿಜಿಸಿಇಟಿ ಸಿಲಬಸ್ ಹುಡುಕ್ತಿದ್ದಳು. ಅತ್ತೆ ಪಕ್ಕದಲ್ಲಿ ಕೂತು, ಹೊನ್ನಾಳಿ ಮೇಲೆ ದಾವಣಗೆರೆಗೆ ಹೋಗೋ ಬೆಳಗಿನ ಬಸ್ಸು ಎಷ್ಟೊತ್ತಿಗೆ ಅಂತ ನೋಡೋಕೆ ಹೇಳ್ತಿದ್ರು.