ಹಿಮ್ಮಡಿಯ ತಿರುವು

ಕೈಯಲ್ಲಿ ಹೆಣೆದ ಕಾಲುಚೀಲವೊಂದನ್ನು ತಾವು ಎಂದಾದರೂ ಒಳಮಗ್ಗುಲು ಮಾಡಿ ನೋಡಿದ್ದೀರಾ? ಅದರಲ್ಲಿ ಹೊಲಿಗೆಯ ಗೆರೆ ಕಾಣುವುದಿಲ್ಲ. ಕಣಕಾಲಿನಿಂದ ಸುತ್ತುತ್ತಾ ಇಳಿದ ನೂಲು ಹಿಮ್ಮಡಿಯ ಬಳಿ ತಿರುಗಿ, ಬೆರಳುಗಳ ತುದಿಯವರೆಗೆ ಸಾಗಿರುತ್ತದೆ. ಆ ತಿರುವನ್ನು ಕಲಿಯುವ ಸಲುವಾಗಿ ಕಳೆದ ಮಳೆಗಾಲದಲ್ಲಿ ನನ್ನ ಚಿಕ್ಕಮ್ಮ ಸೊರಬದಿಂದ ಹೊರಟು, ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಿ, ಉಡುತಡಿಯ ನಮ್ಮ ಮನೆಗೆ ಬಂದರು.

ನನ್ನ ತಾಯಿಗೆ ಎಪ್ಪತ್ತಾರು ವರ್ಷ, ಚಿಕ್ಕಮ್ಮನಿಗೆ ಎಪ್ಪತ್ತೆರಡು. ಇವರು ಕೂಡಿದಾಗ ಕುಶಲಪ್ರಶ್ನೆ ಮುಗಿಯುವ ಮೊದಲೇ ಉಣ್ಣೆಯ ಉಂಡೆಗಳು ಚಾಪೆಯ ಮೇಲೆ ಉರುಳುವುದು ರೂಢಿ. ಈ ಸಲ ಚಿಕ್ಕಮ್ಮ ಚೀಲವನ್ನು ಬಿಚ್ಚದೆಯೇ, "ಅಕ್ಕಾ, ನಿನ್ನ ಕಣ್ಣು ಪೂರ್ತಿ ಮಂಜಾಗುವ ಮೊದಲು ಹಿಮ್ಮಡಿ ಹಾಕುವುದನ್ನು ಕಲಿಸಿಬಿಡು" ಎಂದರು.

ಉಡುತಡಿಯಲ್ಲಿ 'ಅಕ್ಕ' ಎಂದೊಡನೆ ನೆನಪಿಗೆ ಬರುವವಳು ಹನ್ನೆರಡನೆಯ ಶತಮಾನದ ಮಹಾದೇವಿಯಕ್ಕ. ಉಡುಪನ್ನೇ ತೊರೆದು ಕೇಶರಾಶಿಯನ್ನೇ ಹೊದಿಕೆಯಾಗಿಸಿಕೊಂಡಳೆಂದು ಪರಂಪರೆ ಹೇಳುವ ಆ ಅಕ್ಕನ ಊರಿನಲ್ಲಿ ಉಡುಪು ಹೆಣೆಯುತ್ತಾ ಕುಳಿತಿದ್ದೀರಲ್ಲಾ ಎಂದು ನಾನೊಮ್ಮೆ ಕೇಳಿದ್ದುಂಟು. "ಆ ತಾಯಿ ಕಲ್ಯಾಣದ ಬಿಸಿಲಿಗೆ ಹೋದವಳು, ನಾವು ಈ ಮಳೆಯಲ್ಲಿ ಉಳಿದವರು" ಎಂಬುದು ನನ್ನ ತಾಯಿಯ ಉತ್ತರ.

'ಹೆಣೆ' ಎಂಬ ಕ್ರಿಯಾಪದ ಕನ್ನಡದಲ್ಲಿ ಹಳೆಯದು. ಜಡೆ, ಚಾಪೆ, ಬುಟ್ಟಿಗಳನ್ನು ನಮ್ಮವರು ಹೆಣೆಯುತ್ತಲೇ ಬಂದಿದ್ದಾರೆ. ಉಣ್ಣೆಯೂ ಹೊಸದಲ್ಲ, ಆದರೆ ಕುರುಬರ ಕಂಬಳಿ ಮಗ್ಗದ ಮೇಲಿನ ನೇಯ್ಗೆ. ನೇಯ್ಗೆಯಲ್ಲಿ ಹಾಸು, ಹೊಕ್ಕು ಎಂಬ ಎರಡು ಬಗೆಯ ನೂಲುಗಳು ಅಡ್ಡಹಾಯುತ್ತವೆ. ಕಡ್ಡಿಗಳ ಹೆಣಿಗೆಯಲ್ಲಾದರೋ ಒಂದೇ ನೂಲು ತನ್ನ ಹಿಂದಿನ ಕುಣಿಕೆಯೊಳಗಿಂದ ತಾನೇ ಹಾಯ್ದು ಬರುತ್ತದೆ. ಒಂದು ಕುಣಿಕೆ ಜಾರಿದರೆ ಕೆಳಗಿನವೂ ಸಾಲಾಗಿ ಬಿಚ್ಚಿಕೊಳ್ಳುತ್ತವೆ.

ಈ ಕಲೆಯ ಬಹು ಹಳೆಯ ಮಾದರಿಗಳೆಂದರೆ ಈಜಿಪ್ಟಿನಲ್ಲಿ ದೊರೆತ ಮಧ್ಯಯುಗದ ನೀಲಿ-ಬಿಳಿ ಹತ್ತಿಯ ಕಾಲುಚೀಲಗಳು. ಯೂರೋಪಿನ ಚಿತ್ರಕಾರರಿಗೂ ಇದು ಪ್ರಿಯವಾಯಿತು. ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿರುವ, ಸುಮಾರು 1400ರ ಒಂದು ಪೀಠಚಿತ್ರದಲ್ಲಿ ಮಾತೆ ಮರಿಯಳು ಕುಳಿತು ಕಡ್ಡಿಗಳಲ್ಲಿ ಪುಟ್ಟ ಅಂಗಿಯೊಂದನ್ನು ಹೆಣೆಯುತ್ತಿದ್ದಾಳೆ. ದೇವದೂತರು ಭೇಟಿಗೆ ಬಂದು ನಿಂತಿದ್ದಾರೆ. ಯೊವಾನ್ನನ ಶುಭಸಂದೇಶದಲ್ಲಿ ಸೈನಿಕರು ಚೀಟು ಹಾಕಿದ ಹೊಲಿಗೆಯಿಲ್ಲದ ಅಂಗಿ ಆ ಚಿತ್ರಕಾರನ ಮನಸ್ಸಿನಲ್ಲಿದ್ದಿರಬೇಕು. 1589ರಲ್ಲಿ ಇಂಗ್ಲೆಂಡಿನ ವಿಲಿಯಂ ಲೀ ಕಾಲುಚೀಲ ಹೆಣೆಯುವ ಯಂತ್ರವನ್ನೇ ನಿರ್ಮಿಸಿದ. ಆದರೂ ಕಡ್ಡಿಗಳು ಮೂಲೆ ಸೇರಲಿಲ್ಲ.

ಕನ್ನಡ ನಾಡಿನ ಮನೆಗಳಿಗೆ ಅವು ಮುಖ್ಯವಾಗಿ ಶಾಲೆಗಳ ಮೂಲಕ ಬಂದವು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರ ಹೆಣ್ಣುಮಕ್ಕಳ ಶಾಲೆಗಳಲ್ಲಿಯೂ, 1870ರಲ್ಲಿ ಅಲ್ಲಿಯೇ ನೆಲೆಸಿದ ಅಪೊಸ್ತಲಿಕ್ ಕಾರ್ಮೆಲ್ ಧರ್ಮಭಗಿನಿಯರಂಥವರ ಶಾಲೆಗಳಲ್ಲಿಯೂ ಸೂಜಿಗೆಲಸ ಪಾಠದ ಭಾಗವಾಗಿತ್ತು. ಮಿಷನ್ನಿನ ಮಗ್ಗಗಳ ಬಗ್ಗೆ, ಅಲ್ಲಿ ಸಿದ್ಧವಾದ ಖಾಕಿ ಬಣ್ಣದ ಬಗ್ಗೆ ನಮ್ಮ ಚರಿತ್ರೆಕಾರರು ಧಾರಾಳವಾಗಿ ಬರೆದಿದ್ದಾರೆ. ಹುಡುಗಿಯರ ಕಡ್ಡಿಗಳಿಗೆ ದೊರೆತದ್ದು ಅರ್ಧ ಸಾಲು. ಇದು ನನಗೆ ನ್ಯಾಯವೆನಿಸುವುದಿಲ್ಲ.

ನನ್ನ ತಾಯಿ ಕಲಿತದ್ದೂ ಹಾಗೆಯೇ, ಶಿವಮೊಗ್ಗದಲ್ಲಿ ಧರ್ಮಭಗಿನಿಯರ ಶಾಲೆಯೊಂದರ ವಸತಿಗೃಹದಲ್ಲಿ. 1962ರಲ್ಲಿ ಚೀನಾದೊಡನೆ ಯುದ್ಧವಾದಾಗ ಹಿಮಾಲಯದ ಚಳಿಯಲ್ಲಿದ್ದ ನಮ್ಮ ಯೋಧರಿಗಾಗಿ ದೇಶದ ಉದ್ದಗಲಕ್ಕೂ ಸ್ತ್ರೀಯರು ಸ್ವೆಟರು, ಕಾಲುಚೀಲಗಳನ್ನು ಹೆಣೆದರು. ಆ ಚಳಿಗಾಲದಲ್ಲಿಯೇ ಹದಿಮೂರರ ನನ್ನ ತಾಯಿ ಹಿಮ್ಮಡಿ ಹಾಕಲು ಕಲಿತದ್ದು. ಚಿಕ್ಕಮ್ಮ ಆಗ ಮನೆಯಲ್ಲಿ ದನ ಕಾಯುತ್ತಿದ್ದರು. ಇಬ್ಬರನ್ನು ಓದಿಸುವ ಶಕ್ತಿ ಅಜ್ಜನಿಗಿರಲಿಲ್ಲ. ರಜೆಗೆ ಬಂದ ಅಕ್ಕನಿಂದ ಅವರು ಸೀದಾ, ಉಲ್ಟಾ, ಸ್ವೆಟರಿನ ಕುತ್ತಿಗೆ, ಎಲ್ಲವನ್ನೂ ಕಲಿತರು, ಹಿಮ್ಮಡಿಯೊಂದನ್ನು ಬಿಟ್ಟು.

"ಏಕೆ ಕಲಿಸಲಿಲ್ಲ?" ಎಂದು ನಾನು ಕೇಳಿದೆ. ತಾಯಿ ಬಹಳ ಹೊತ್ತು ಸುಮ್ಮನಿದ್ದು, "ಅದೊಂದಾದರೂ ನನ್ನದೇ ಆಗಿರಲಿ ಎಂದುಕೊಂಡಿದ್ದೆ" ಎಂದರು. ಚಿಕ್ಕಮ್ಮ ತಲೆಯೆತ್ತಲಿಲ್ಲ. "ನನಗೆ ಗೊತ್ತಿತ್ತು" ಎಂದಷ್ಟೇ ಹೇಳಿದರು.

ಮೂರು ದಿನ ಪಾಠ ನಡೆಯಿತು. ನಲವತ್ತೆಂಟು ಕುಣಿಕೆಗಳಲ್ಲಿ ಅರ್ಧವನ್ನು ಬದಿಗಿಟ್ಟು, ಉಳಿದ ಇಪ್ಪತ್ನಾಲ್ಕರ ಮೇಲೆ ಹಿಂದಕ್ಕೂ ಮುಂದಕ್ಕೂ ಹೆಣೆದರೆ ಒಂದು ಪಟ್ಟಿಯಾಗುತ್ತದೆ. ಆಮೇಲೆ ನಡುವನ್ನು ತುಸು ದಾಟಿ, ಎರಡು ಕುಣಿಕೆಗಳನ್ನು ಒಂದಾಗಿಸಿ, ಮುಂದೊಂದನ್ನು ಹೆಣೆದು, ಸಾಲು ಮುಗಿಯುವ ಮೊದಲೇ ಹಿಂದಿರುಗಬೇಕು. ಪ್ರತಿ ಸಲವೂ ಒಂದು ಹೆಜ್ಜೆ ಮುಂದೆ ಹೋಗಿ ಮರಳಬೇಕು. ಇಪ್ಪತ್ನಾಲ್ಕು ಹದಿನಾಲ್ಕಾಗುವಷ್ಟರಲ್ಲಿ ಚಪ್ಪಟೆಯಾಗಿದ್ದ ಪಟ್ಟಿ ಬಟ್ಟಲಿನಂತೆ ಬಾಗಿರುತ್ತದೆ. ತಾಯಿ ಕಣ್ಣಿಗಿಂತ ಹೆಬ್ಬೆರಳನ್ನೇ ನಂಬಿ ಕುಣಿಕೆಗಳನ್ನು ಎಣಿಸುತ್ತಿದ್ದರು. ಚಿಕ್ಕಮ್ಮ ಎರಡು ಸಲ ಪೂರ್ತಿ ಬಿಚ್ಚಿದರು. ಇದನ್ನೆಲ್ಲ ಕಾಗದದ ಮೇಲೆ ಬರೆದುಕೊಡುತ್ತೇನೆಂದು ನಾನು ಹೇಳಿದ್ದಕ್ಕೆ ಇಬ್ಬರೂ ನಕ್ಕುಬಿಟ್ಟರು.

ನಾಲ್ಕನೆಯ ದಿನ ಅವರು ಹೊರಟಾಗ ತಾಯಿ ತಮ್ಮ ಐದು ಉಕ್ಕಿನ ಕಡ್ಡಿಗಳನ್ನೂ, ಅವರು ಮುಗಿಸಿದ್ದ ಒಂದು ಕಾಲುಚೀಲವನ್ನೂ ಚಿಕ್ಕಮ್ಮನ ಚೀಲದೊಳಗೆ ಇಟ್ಟರು. ಅದರ ಜೋಡಿಯನ್ನು ಚಿಕ್ಕಮ್ಮ ತಾವೇ ಹೆಣೆಯಬೇಕಿತ್ತು. ಎರಡು ವಾರಗಳ ಬಳಿಕ ಸೊರಬದಿಂದ ಫೋನು ಬಂತು. ಹಿಮ್ಮಡಿ ತುಸು ಓರೆಯಾಗಿದೆಯಂತೆ, ಬಿಚ್ಚಿ ಮತ್ತೆ ಹಾಕುತ್ತಿದ್ದಾರಂತೆ. "ಬಿಚ್ಚಬೇಡ, ಹಾಗೆಯೇ ತೆಗೆದುಕೊಂಡು ಬಾ" ಎಂದರು ನನ್ನ ತಾಯಿ.